ಡೌರೊ ಕಣಿವೆಯಲ್ಲಿ ಎಳೆಯ ವಿಂಟೇಜ್ ಪೋರ್ಟ್: ಹೋಗುವವರ ಗಮನಕ್ಕೆ

ದ್ರಾಕ್ಷಿ ಸ್ಪಿರಿಟ್ ಬೆರೆಸಿದ ಸಿಹಿ ವೈನಾದ ಪೋರ್ಟ್ ಸವಿಯಲೆಂದು ಪೋರ್ಚುಗಲ್‌ಗೆ ಹೋದವರಲ್ಲಿ ಹೆಚ್ಚಿನವರು ಪೋರ್ಟೊ ನಗರದ ಎದುರು ದಡದಲ್ಲಿರುವ ವಿಲಾ ನೋವಾ ದ ಗಾಯಾದ ಹಳೆಯ ಉಗ್ರಾಣಗಳನ್ನು ನೋಡಿ ಮರಳುತ್ತಾರೆ. ಹೊಸ ಉತ್ಪಾದಕರ ವಿಂಟೇಜ್ ಪೋರ್ಟ್ (ಒಂದೇ ವರ್ಷದ ಕೊಯ್ಲಿನಿಂದ ಮಾಡಿದ್ದು) ಬೇಕಿದ್ದರೆ ದ್ರಾಕ್ಷಿ ಬೆಳೆಯುವ ಡೌರೊ ಕಣಿವೆಗೇ ಹೋಗಬೇಕು. 1986ರವರೆಗೆ ಪೋರ್ಟ್ ಗಾಯಾದ ಮೂಲಕವೇ ರಫ್ತಾಗಬೇಕೆಂಬ ನಿಯಮವಿತ್ತು. ಅದು ಹೋದ ಮೇಲೆಯೇ ಸಣ್ಣ ತೋಟದವರು ತಮ್ಮದೇ ಹೆಸರಿನ ಬಾಟಲಿಗಳನ್ನು ನೇರವಾಗಿ ಹೊರದೇಶಕ್ಕೆ ಕಳುಹಿಸುವಂತಾಯಿತು.

ಪೋರ್ಟೊದಿಂದ ಕಣಿವೆಯ ಊರಾದ ಪಿನ್ಯಾವ್‌ಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ಹೋಗುವಾಗ ಬಲಬದಿಯ ಕಿಟಕಿ ಹಿಡಿದರೆ ನದಿ ಕಾಣುತ್ತದೆ. ಅಲ್ಲಿಂದ ತೋಟಗಳಿಗೆ ಟ್ಯಾಕ್ಸಿ ಮಾಡಿಕೊಳ್ಳುವುದು ಒಳ್ಳೆಯದು. ರಸ್ತೆಗಳು ಕಡಿದಾದ ತಿರುವುಗಳಿಂದ ಕೂಡಿವೆ, ಪೋರ್ಟ್‌ನಲ್ಲಿ ಆಲ್ಕೋಹಾಲ್ ಸುಮಾರು ಶೇ. 20ರಷ್ಟಿರುತ್ತದೆ. ಸಣ್ಣ ಉತ್ಪಾದಕರಿಗೆ ಮುಂಚಿತವಾಗಿ ಇಮೇಲ್ ಬರೆದು ಸಮಯ ಕೇಳಿಕೊಳ್ಳಿ. ಸೆಪ್ಟೆಂಬರ್ ಕೊಯ್ಲಿನ ಕಾಲವಾದ್ದರಿಂದ ಅವರಿಗೆ ಬಿಡುವಿರುವುದು ಕಷ್ಟ.

ಪಿನ್ಯಾವ್ ಬಳಿಯ ವಾಲ್ ದ ಮೆಂದಿಜ್‌ನಲ್ಲಿ ಸಾಂಡ್ರಾ ತವಾರೆಸ್ ದ ಸಿಲ್ವಾ ಮತ್ತು ಜೋರ್ಜ್ ಸೆರೋದಿಯೊ ಬೋರ್ಜೆಸ್ ದಂಪತಿ 2001ರಲ್ಲಿ ಆರಂಭಿಸಿದ ವೈನ್ ಆ್ಯಂಡ್ ಸೋಲ್ ಇಂಥದೊಂದು ಸಂಸ್ಥೆ. ಅವರ ಪಿಂಟಾಸ್ ತೋಟದ ಬಳ್ಳಿಗಳು ಬಹಳ ಹಳೆಯವು. ಹಲವು ತಳಿಗಳು ಒಂದೇ ತೋಟದಲ್ಲಿ ಬೆರೆತು ಬೆಳೆದಿವೆ. ಹೊಸ ಉತ್ಪಾದಕರ ಬಳಿ ಅರ್ಧ ಶತಮಾನದ ಹಿಂದಿನ ಬಾಟಲಿ ಇರುವುದಿಲ್ಲವಾದ್ದರಿಂದ, ಬಳ್ಳಿಯ ವಯಸ್ಸು, ಇಳಿಜಾರಿನ ದಿಕ್ಕು, ದ್ರಾಕ್ಷಿಯನ್ನು ಗ್ರಾನೈಟ್ ತೊಟ್ಟಿಯಲ್ಲಿ ಕಾಲಿನಿಂದ ತುಳಿಯುತ್ತಾರೆಯೇ ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು; ಉಳಿದದ್ದನ್ನು ಲೋಟದಲ್ಲಿರುವ ಎಳೆಯ ವೈನೇ ಹೇಳಬೇಕು.

ವಿಂಟೇಜ್ ಪೋರ್ಟ್ ಕೊಯ್ಲಾದ ಎರಡನೇ ಮತ್ತು ಮೂರನೇ ವರ್ಷದ ನಡುವೆ ಬಾಟಲಿ ಸೇರುತ್ತದೆ. ಈ ವಯಸ್ಸಿನಲ್ಲಿ ಅದು ಕುಡಿಯಲು ಯೋಗ್ಯವಲ್ಲ, ಹತ್ತಿಪ್ಪತ್ತು ವರ್ಷ ಕಾಯಲೇಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಲೋಟವನ್ನು ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದರೆ ನಡುಭಾಗ ನೇರಳೆಹಣ್ಣಿನ ರಸದಂತೆ ಗಾಢವಾಗಿ, ಬೆರಳು ಆಚೆ ಕಾಣದಂತಿರುತ್ತದೆ. ಅಂಚು ಮಾತ್ರ ಊದಾ ಬಣ್ಣಕ್ಕೆ ತಿರುಗುತ್ತದೆ. ಹೂವಿನ, ಕಪ್ಪು ಹಣ್ಣುಗಳ ಪರಿಮಳ ಮೊದಲು ಬರುತ್ತದೆ. ಚಿಕ್ಕ ಗುಟುಕನ್ನು ಬಾಯಲ್ಲಿ ಸ್ವಲ್ಪ ಹೊತ್ತು ಹಿಡಿದಿಟ್ಟರೆ ಸಿಹಿಯ ಹಿಂದೆಯೇ ಒಸಡನ್ನು ಬಿಗಿಯುವ ಒಗರು ಬರುತ್ತದೆ. ಒಗರಿಗೆ ಹೆದರಬೇಡಿ, ದೀರ್ಘಾಯುಷ್ಯದ ಆಧಾರವೇ ಅದು. ಗಮನಿಸಬೇಕಾದುದು ಹುದುಗುವಿಕೆಯನ್ನು ನಿಲ್ಲಿಸಲು ಬೆರೆಸುವ ಶೇ. 77ರಷ್ಟು ಆಲ್ಕೋಹಾಲ್ ಇರುವ ದ್ರಾಕ್ಷಿ ಸ್ಪಿರಿಟ್ ಹಣ್ಣಿನೊಡನೆ ಹೊಂದಿಕೊಂಡಿದೆಯೇ, ಅಥವಾ ಗಂಟಲಲ್ಲಿ ಬೇರೆಯಾಗಿ ಉರಿಯುತ್ತಿದೆಯೇ ಎಂಬುದನ್ನು. ನುಂಗಿದ ಮೇಲೆ ಸಿಹಿ ಆರಿ ಹಣ್ಣಿನ ರುಚಿ ಉಳಿದರೆ ಅದು ಒಳ್ಳೆಯ ವೈನ್. ಗೋವಾದಲ್ಲಿ ಪೋರ್ಟ್ ಎಂದು ಮಾರುವ ಸಿಹಿ ವೈನಿನ ನೆನಪಿನಿಂದ ಇದನ್ನು ಅಳೆಯಬಾರದು.

ಸಾಧ್ಯವಾದರೆ ಕೆಲವು ಗಂಟೆ ಮೊದಲೇ ಡಿಕ್ಯಾಂಟರಿಗೆ (ವೈನಿಗೆ ಗಾಳಿಯಾಡಿಸುವ ಅಗಲ ಬುಡದ ಗಾಜಿನ ಹೂಜಿ) ಸುರಿದಿಡಲು ಕೇಳಿಕೊಳ್ಳಿ. 16ರಿಂದ 18 ಡಿಗ್ರಿ ತಂಪು ಸಾಕು. ಉಪ್ಪು ಹಾಕಿ ಹುರಿದ ಬಾದಾಮಿ ಜೊತೆಗಿದ್ದರೆ ಸಸ್ಯಾಹಾರಿಗಳಿಗೂ ತೊಂದರೆಯಿಲ್ಲ.

ಕೊಳ್ಳುವಾಗ ಬಾಟಲಿಯ ಕತ್ತಿನ ಮೇಲೆ ಡೌರೊ ಮತ್ತು ಪೋರ್ಟ್ ವೈನ್ ಸಂಸ್ಥೆಯ ಖಾತರಿ ಪಟ್ಟಿ ಇರುವುದನ್ನು ನೋಡಿ. ಭಾರತಕ್ಕೆ ಸುಂಕವಿಲ್ಲದೆ ಎರಡು ಲೀಟರ್ ಮದ್ಯ ತರಬಹುದಾದ್ದರಿಂದ 750 ಮಿ.ಲೀ.ನ ಎರಡು ಬಾಟಲಿ ತರಲು ಅಡ್ಡಿಯಿಲ್ಲ. ಬಟ್ಟೆ ಸುತ್ತಿ ಚೆಕ್-ಇನ್ ಲಗೇಜಿನಲ್ಲಿಡಿ. ಮನೆಯಲ್ಲಿ ವರ್ಷವಿಡೀ ತಂಪಾಗಿರುವ ಕತ್ತಲೆಯ ಜಾಗವಿಲ್ಲದಿದ್ದರೆ ದಶಕಗಟ್ಟಲೆ ಕಾಪಿಡುವ ಯೋಚನೆ ಬಿಟ್ಟು ಬೇಗನೆ ತೆರೆಯಿರಿ, ತೆರೆದ ಮೇಲೆ ಎರಡು ಮೂರು ದಿನಗಳಲ್ಲಿ ಮುಗಿಸಿರಿ.