ಟಾಂಕಿ ಲಾಗರ್: ಸೂಪರ್ ಕರೆಯುವುದು ಯಾರನ್ನು?

ಪೆರ್ಲದ ತೋಟದ ಟಾಂಕಿಗೆಂದು ಕಟ್ಟುತ್ತಿರುವ ಲಾಗರ್ (ನೀರಿನ ಮಟ್ಟ ಅಳೆದು ಬರೆದಿಡುವ ಸಾಧನ) ಅಂತೂ ಓಡಲು ಶುರುವಾಗಿದೆ. ಗುಡ್ಡದ ಮುರಕಲ್ಲಿಗೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ಪಂಪಿಲ್ಲದೆ ತಾನೇ ಹರಿದು ಈ ಟಾಂಕಿಗೆ ಬೀಳುತ್ತದೆ. ಬೇಸಿಗೆಯಲ್ಲಿ ಹರಿವು ಸಣ್ಣ. ರಾತ್ರಿ ಎಷ್ಟು ತುಂಬಿತು ಎಂದು ಗೊತ್ತಾದರೆ ಬೆಳಗ್ಗೆ ಅಡಿಕೆಗೆ ಎಷ್ಟು ಹೊತ್ತು ನೀರು ಬಿಡಬಹುದು ಎಂದು ಲೆಕ್ಕ ಸಿಗುತ್ತದೆ.

ಹಾರ್ಡ್‌ವೇರ್ ಸುಲಭ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಶಬ್ದದ ಅಲೆಯಿಂದ ದೂರ ಅಳೆಯುವ ಒಂದು ಅಲ್ಟ್ರಾಸೋನಿಕ್ ಸೆನ್ಸರ್, ಅದರ 5 ವೋಲ್ಟನ್ನು 3.3ಕ್ಕೆ ಇಳಿಸಲು ಎರಡು ರೆಸಿಸ್ಟರ್. ತಲೆ ತಿಂದದ್ದು ಪೈಥಾನ್, ಪ್ರೋಗ್ರಾಂ ಬರೆದ ಭಾಷೆ.

ತಳದಲ್ಲಿ ‘ಸಾಧನ’ ಎಂಬ ಕ್ಲಾಸ್ (ಪ್ರೋಗ್ರಾಮಿನ ವಸ್ತುಗಳಿಗೆ ಅಚ್ಚು) ಉಂಟು, ಅದು ಎಲ್‌ಇಡಿಯ ಪಿನ್ ಹಿಡಿಯುತ್ತದೆ. ಅದರ ಗುಣ ಪಡೆದ ಮಕ್ಕಳ ಕ್ಲಾಸ್ ‘ಅಳತೆ’ ಮತ್ತು ‘ದಾಖಲೆ’. ಎರಡನ್ನೂ ಸೇರಿಸಿ ‘ಟಾಂಕಿ’. (ಪೈಥಾನ್ 3ರಲ್ಲಿ ಕನ್ನಡದ ಹೆಸರು ನಡೆಯುತ್ತದೆ. ಆದರೆ ‘ಟಾಂಕ್‌ಲಾಗರ್’ ನಡೆಯದು. ಒತ್ತಕ್ಷರ ಆಗದಂತೆ ನಡುವೆ ಕೂರುವ ಕಾಣದ ಅಕ್ಷರಕ್ಕೆ ಅದು ಎರರ್ ಕೊಡುತ್ತದೆ.)

ಮೊದಲ ಆವೃತ್ತಿಯಲ್ಲಿ ಟಾಂಕಿಯ ಇನಿಟ್ (ಹೊಸ ವಸ್ತು ಹುಟ್ಟುವಾಗ ಓಡುವ ಫಂಕ್ಷನ್), ಅಳತೆ ಮತ್ತು ದಾಖಲೆಯ ಇನಿಟ್‌ಗಳನ್ನು ಹೆಸರು ಹಿಡಿದು ಕರೆಯುತ್ತಿತ್ತು. ಅವೆರಡೂ ಹೋಗಿ ಸಾಧನವನ್ನು ಕರೆದವು. ಒಂದೇ ಪಿನ್, ಎರಡು ಸಲ. ‘ಪಿನ್ ಆಗಲೇ ಬಳಕೆಯಲ್ಲಿದೆ’ ಎಂದು ಪೈಯ ಪಿನ್ ನಡೆಸುವ ಜಿಪಿಐಒ ಝೀರೋ ಲೈಬ್ರರಿ ನಿಂತುಬಿಟ್ಟಿತು. ಒಳ್ಳೆಯದೇ ಆಯಿತು ಅನ್ನಿ. ಪಿನ್ ಬದಲು ಒಂದು ಲಿಸ್ಟ್ ಇದ್ದಿದ್ದರೆ ಎರಡನೇ ಸಲ ಸುಮ್ನೆ ಖಾಲಿಯಾಗುತ್ತಿತ್ತು, ಎರರ್ ಕೂಡ ಬರುತ್ತಿರಲಿಲ್ಲ.

ಹೆಸರು ಹಿಡಿದು ಕರೆಯುವ ಬದಲು ಎಲ್ಲ ಕಡೆ ಸೂಪರ್ ಹಾಕಿದೆ; ಮುಂದೆ ಯಾವ ಕ್ಲಾಸನ್ನು ಕರೆಯಬೇಕೆಂದು ಅದೇ ಹುಡುಕುತ್ತದೆ. ಹೊಸ ತಕರಾರು: ದಾಖಲೆಗೆ ಫೈಲ್ ಹೆಸರು ಬಂದಿಲ್ಲ. ಕರೆದದ್ದು ಯಾರು ನೋಡಿದರೆ ಅಳತೆ! ಅವೆರಡಕ್ಕೆ ನೇರ ಸಂಬಂಧವೇ ಇಲ್ಲ, ಅಲ್ವಾ? ಆದರೆ ಸೂಪರ್ ಹುಡುಕುವುದು ತಾಯಿ ಕ್ಲಾಸನ್ನಲ್ಲ, ಎಂಆರ್‌ಒ (ಕ್ಲಾಸುಗಳನ್ನು ಹುಡುಕುವ ಕ್ರಮ) ಸಾಲಿನಲ್ಲಿ ಮುಂದಿರುವವರನ್ನು. ಆ ಸಾಲು ಟಾಂಕಿಯದ್ದು: ಟಾಂಕಿ, ಅಳತೆ, ದಾಖಲೆ, ಸಾಧನ, ಕೊನೆಗೆ ಎಲ್ಲ ಕ್ಲಾಸುಗಳ ಬುಡವಾದ ಆಬ್ಜೆಕ್ಟ್. 2003ರ ಪೈಥಾನ್ 2.3ರಿಂದ ಸಿ3 ಎಂಬ ಕ್ರಮ ಇದನ್ನು ಜೋಡಿಸುತ್ತದೆ.

ಈಗ ಪ್ರತಿ ಇನಿಟ್ ತನ್ನ ಆರ್ಗ್ಯುಮೆಂಟನ್ನು (ತನಗೆ ಬೇಕಾದ ಮಾಹಿತಿಯನ್ನು) ಹೆಸರಿನಿಂದ ತೆಗೆದುಕೊಂಡು, ಉಳಿದದ್ದನ್ನು ಕೆಡಬ್ಲ್ಯೂ ಆರ್ಗ್ಸ್ ಎಂಬ ಕಟ್ಟಾಗಿ ಮುಂದಕ್ಕೆ ದಾಟಿಸುತ್ತದೆ. ಕೊನೆಗೆ ಏನಾದರೂ ಉಳಿದರೆ ಆಬ್ಜೆಕ್ಟ್ ಟೈಪ್‌ಎರರ್ ಕೊಡುತ್ತದೆ. ಸ್ಪೆಲ್ಲಿಂಗ್ ತಪ್ಪಿದ್ದೂ ಅಲ್ಲೇ ಸಿಕ್ಕಿಬೀಳುತ್ತದೆ.

ಟಾಂಕಿ ಹಿನ್ನೆಲೆಯಲ್ಲಿ ಓಡುತ್ತಿರಲೆಂದು ಪೈಥಾನಿನ ಥ್ರೆಡ್ ಕ್ಲಾಸನ್ನೂ ಅದಕ್ಕೆ ತಾಯಿ ಮಾಡಿದೆ. ಥ್ರೆಡ್‌ನ ಇನಿಟ್ ಸೂಪರ್ ಕರೆಯುವುದಿಲ್ಲ. ತಾಯಿ ಕ್ಲಾಸುಗಳ ಪಟ್ಟಿಯಲ್ಲಿ ಅದನ್ನು ಮೊದಲು ಬರೆದರೆ ಸರಪಳಿ ಅಲ್ಲಿಗೇ ತುಂಡು. ಕೊನೆಗೆ ಬರೆದರೆ ಸರಿ.

ಇಷ್ಟಾದ ಮೇಲೆ ದಾಖಲೆ ತಾಯಿ ಕ್ಲಾಸ್ ಆಗಿರಬೇಕಾಗಿಯೇ ಇಲ್ಲ ಅನ್ನಿಸುತ್ತಿದೆ. ಟಾಂಕಿ ಒಂದು ದಾಖಲೆಯನ್ನು ಒಳಗೆ ಇಟ್ಟುಕೊಂಡರೆ ಸಾಕು. ಮುಂದಿನ ಆವೃತ್ತಿಯಲ್ಲಿ ಹಾಗೆ ಬದಲಿಸುವುದು, ಜೊತೆಗೆ ಮಳೆ ಬರುವ ಮೊದಲು ಸೆನ್ಸರಿಗೆ ಒಂದು ಮುಚ್ಚಳ.