ಭದ್ರಾವತಿ ಯಾಕೆ ಹೀಗಾಯಿತು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬೆಂಗಳೂರಿನಲ್ಲಿ ಯಾರಾದರೂ ಹೊಸದಾಗಿ ಪರಿಚಯವಾಗಿ, ನನ್ನ ಊರು ಭದ್ರಾವತಿ ಎಂದು ತಿಳಿದ ಕೂಡಲೇ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಕಬ್ಬಿಣದ್ದೊಂದು, ಕಾಗದದ್ದೊಂದು, ಎರಡೆರಡು ದೊಡ್ಡ ಕಾರ್ಖಾನೆಗಳಿದ್ದ ಊರು, ಯಾಕೆ ಹೀಗಾಯಿತು?" ಕೇಳುವವರಲ್ಲಿ ಅನೇಕರ ಬಳಿ ಉತ್ತರವೂ ಸಿದ್ಧವಾಗಿರುತ್ತದೆ. ಒಬ್ಬರು ಕೇಂದ್ರ ಸರ್ಕಾರವನ್ನು ದೂರುತ್ತಾರೆ, ಇನ್ನೊಬ್ಬರು ರಾಜ್ಯ ಸರ್ಕಾರವನ್ನು, ಮತ್ತೊಬ್ಬರು ಕಾರ್ಮಿಕ ಸಂಘಗಳನ್ನು. ಇವುಗಳಲ್ಲಿ ಯಾವುದನ್ನೂ ಪೂರ್ತಿ ಸುಳ್ಳೆಂದು ತಳ್ಳಿಹಾಕುವುದು ಕಷ್ಟ. ಆದರೆ ಕಾರ್ಖಾನೆ ಮುಚ್ಚಿದ ಕಾರಣವನ್ನು ಅದರ ಕೊನೆಯ ಹತ್ತು ವರ್ಷಗಳಲ್ಲಿ ಹುಡುಕುವವರು ಅದು ಹುಟ್ಟಿದ ಬಗೆಯನ್ನು ಮರೆತಿರುತ್ತಾರೆ ಎನ್ನುವುದು ನನ್ನ ಅಭಿಪ್ರಾಯ. ಆದ್ದರಿಂದ ನನ್ನ ಉತ್ತರ ಕಾಡಿನಿಂದ ಆರಂಭವಾಗುತ್ತದೆ.

ಇಂದಿನ ಭದ್ರಾವತಿಯ ಜಾಗದಲ್ಲಿ, ಭದ್ರಾ ನದಿಯ ದಂಡೆಯಲ್ಲಿ, ಬೆಂಕಿಪುರ ಎಂಬ ಹೆಸರಿನ ಹಳೆಯ ಊರೊಂದಿತ್ತು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ ಇಂದಿಗೂ ಅಲ್ಲಿದೆ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ, ಆ ಹಳಿ ಈ ಊರನ್ನು ಹಾದುಹೋಯಿತು. ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಕಬ್ಬಿಣದ ಅದಿರು ಇತ್ತು, ಊರಿನ ಹತ್ತಿರದ ಭಂಡಿಗುಡ್ಡದಲ್ಲಿ ಸುಣ್ಣಕಲ್ಲು ಇತ್ತು, ನದಿಯಲ್ಲಿ ವರ್ಷವಿಡೀ ನೀರಿತ್ತು. ಇಲ್ಲದೆ ಇದ್ದದ್ದು ಕಲ್ಲಿದ್ದಲು ಮಾತ್ರ. ಬಂಗಾಳ ಮತ್ತು ಬಿಹಾರದ ಗಣಿಗಳಿಂದ ಅದನ್ನು ಮೈಸೂರು ಸಂಸ್ಥಾನದವರೆಗೆ ತರಿಸಿ ಕಬ್ಬಿಣ ಕರಗಿಸಿದರೆ ಲಾಭವಿರಲಿ, ಅಸಲೂ ಹುಟ್ಟುತ್ತಿರಲಿಲ್ಲ. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಮತ್ತು ಅವರ ಸಲಹೆಗಾರರು ಕಂಡುಕೊಂಡ ದಾರಿ, ಮಲೆನಾಡಿನ ಮರವನ್ನು ಇದ್ದಿಲಾಗಿಸಿ ಆ ಇದ್ದಿಲಿನಿಂದ ಊದುಕುಲುಮೆಯನ್ನು ಉರಿಸುವುದು. ಜಮ್‌ಷೆಡ್‌ಪುರದ ಟಾಟಾ ಕಾರ್ಖಾನೆಗೆ ದುಡಿದಿದ್ದ ಅಮೆರಿಕದ ಎಂಜಿನಿಯರ್ ಸಿ.ಪಿ. ಪೆರಿನ್ ಇದಕ್ಕೂ ಸಲಹೆ ನೀಡಿದರು, ಆರಂಭದ ವರ್ಷಗಳ ನಿರ್ವಹಣೆಯನ್ನು ಟಾಟಾ ಸಂಸ್ಥೆಯೇ ನೋಡಿಕೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಕೈಗೆತ್ತಿಕೊಂಡ ಈ ಕಾರ್ಖಾನೆಯಲ್ಲಿ ಕಬ್ಬಿಣ ಹರಿದದ್ದು 1923ರ ಜನವರಿಯಲ್ಲಿ.

ಅದರ ಮೊದಲ ಹೆಸರನ್ನು ಗಮನಿಸಿದರೆ ಮೂಲದ ಲೆಕ್ಕಾಚಾರ ತಿಳಿಯುತ್ತದೆ: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಮರದ ಭಟ್ಟಿ ಮೊದಲು, ಕಬ್ಬಿಣ ಆಮೇಲೆ. ಸಾಮಾನ್ಯ ಇದ್ದಿಲು ಗೂಡಿನಲ್ಲಿ ಸೌದೆಯನ್ನು ಮಣ್ಣು ಮುಚ್ಚಿ ಸುಟ್ಟಾಗ ಹೊಗೆಯೆಲ್ಲ ಗಾಳಿಯ ಪಾಲಾಗುತ್ತದೆ. ಇಲ್ಲಿ ಮರವನ್ನು ರಿಟಾರ್ಟ್ ಎಂಬ ಮುಚ್ಚಿದ ಉಕ್ಕಿನ ಕೊಠಡಿಗಳಲ್ಲಿ ಗಾಳಿ ತಾಗದಂತೆ ಕಾಯಿಸಿ, ಏಳುವ ಆವಿಯನ್ನು ತಂಪುಗೊಳಿಸಿ, ಅದರಿಂದ ಮರದ ಮದ್ಯಸಾರ (ಮೆಥನಾಲ್), ಅಸಿಟೇಟ್ ಮತ್ತು ಟಾರು ತೆಗೆಯುತ್ತಿದ್ದರು. ಈ ಉಪೋತ್ಪನ್ನಗಳ ಮಾರಾಟದಿಂದ ಬರುವ ಹಣ ಇದ್ದಿಲಿನ ಖರ್ಚನ್ನು ತಗ್ಗಿಸಬೇಕು, ಆಗ ಕಬ್ಬಿಣ ಅಗ್ಗವಾಗಿ ಬೀಳಬೇಕು ಎಂಬುದು ಯೋಜನೆ. ಒಂದು ಟನ್ ಇದ್ದಿಲಿಗೆ ಸುಮಾರು ನಾಲ್ಕು ಟನ್ ಒಣ ಮರ ಬೇಕಾಗುತ್ತದೆ. ಆ ಮರವನ್ನು ತರಲು ಕಾಡಿನೊಳಗೆ ಟ್ರಾಮ್ ಹಳಿಗಳನ್ನು ಹಾಕಿದರು, ಕೆಮ್ಮಣ್ಣುಗುಂಡಿಯ ಅದಿರನ್ನು ರೋಪ್‌ವೇ ಮೂಲಕ ಬೆಟ್ಟದಿಂದ ಇಳಿಸಿ ಟ್ರಾಮ್‌ನಲ್ಲಿ ಕಾರ್ಖಾನೆಗೆ ಸಾಗಿಸಿದರು. ಬೆಂಗಳೂರಿನಿಂದ ವಾರಾಂತ್ಯಕ್ಕೆ ಕೆಮ್ಮಣ್ಣುಗುಂಡಿಗೆ ಹೋಗಿ ಮಂಜು ನೋಡಿ ಬರುವ ಗೆಳೆಯರಿಗೆ ನಾನು ಪ್ರತಿ ಸಲವೂ ಹೇಳುವ ಮಾತು ಇದು: ಆ ಗಿರಿಧಾಮದ ಕೆಂಪು ಮಣ್ಣಿನಿಂದ ನಮ್ಮ ಊರು ದಶಕಗಳ ಕಾಲ ಅನ್ನ ಉಂಡಿದೆ.

ಯೋಜನೆಯ ಬುದ್ಧಿವಂತಿಕೆಯನ್ನು ನಾನು ಮೆಚ್ಚುತ್ತೇನೆ. ಆದರೆ ಅದರೊಳಗೆ ಎರಡು ದೌರ್ಬಲ್ಯಗಳಿದ್ದವು. ಮೊದಲನೆಯದು ಕಾಲದ್ದು. ಭದ್ರಾವತಿಯ ಕುಲುಮೆ ಉರಿದ 1923ರಲ್ಲೇ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಮರವಿಲ್ಲದೆ, ಅನಿಲಗಳಿಂದಲೇ ಮೆಥನಾಲ್ ತಯಾರಿಸುವ ಕಾರ್ಖಾನೆಯನ್ನು ಆರಂಭಿಸಿತು. ಮುಂದಿನ ವರ್ಷಗಳಲ್ಲಿ ಆ ಸರಕು ಲೋಕದ ಮಾರುಕಟ್ಟೆಗೆ ಬಂದಂತೆ ಮರದಿಂದ ಭಟ್ಟಿಯಿಳಿಸಿದ ಮದ್ಯಸಾರಕ್ಕೆ ಹಿಂದಿನ ಬೆಲೆ ಉಳಿಯಲಿಲ್ಲ. ಮಹಾಯುದ್ಧದ ಕಾಲದಲ್ಲಿ ಏರಿದ್ದ ಕಬ್ಬಿಣದ ಬೆಲೆಯೂ ಅಷ್ಟರಲ್ಲಿ ಇಳಿದಿತ್ತು. ಹೀಗೆ ಕಾರ್ಖಾನೆ ಹುಟ್ಟುತ್ತಲೇ ನಷ್ಟದ ಮಾತು ಕೇಳಬೇಕಾಯಿತು, ಸಂಸ್ಥಾನದ ಹಣವನ್ನು ಕಾಡಿಗೆ ಸುರಿದರು ಎಂಬ ಟೀಕೆಯೂ ಬಂತು. ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಕಾರ್ಖಾನೆಯ ಮಂಡಳಿಯ ಅಧ್ಯಕ್ಷರಾಗಿ ಖರ್ಚುಗಳನ್ನು ಕಡಿದರು, ದುಬಾರಿ ಸಂಬಳದ ವಿದೇಶಿ ತಂತ್ರಜ್ಞರ ಜಾಗಕ್ಕೆ ನಮ್ಮವರನ್ನೇ ತರಬೇತುಗೊಳಿಸಿ ತಂದರು. ಆ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಅವರು ವೃತ್ತಿ ಶಿಕ್ಷಣ ಸಂಸ್ಥೆಯೊಂದಕ್ಕೆ ಬಿಟ್ಟುಕೊಟ್ಟರು, ಅದಕ್ಕೆ ತಮ್ಮ ಹೆಸರನ್ನು ಇಡಗೊಡದೆ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಇಡಿಸಿದರು. ಬೆಂಗಳೂರಿನ ಕೆ.ಆರ್. ವೃತ್ತದ ಬಳಿಯಿರುವ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಆ ಸಂಸ್ಥೆ. ಭದ್ರಾವತಿ ಈ ನಗರಕ್ಕೆ ಏನು ಕೊಟ್ಟಿದೆ ಎಂದು ಕೇಳುವವರು ಅದರ ಮುಂದೆ ದಿನವೂ ಹಾದುಹೋಗುತ್ತಿರುತ್ತಾರೆ.

ಎರಡನೆಯ ದೌರ್ಬಲ್ಯ ಇದ್ದಿಲಿನ ಗುಣದಲ್ಲೇ ಇತ್ತು, ನನ್ನ ಉತ್ತರದ ತಿರುಳೂ ಅದೇ. ಊದುಕುಲುಮೆಯಲ್ಲಿ ಅದಿರು, ಸುಣ್ಣಕಲ್ಲು ಮತ್ತು ಇಂಧನವನ್ನು ಪದರಪದರವಾಗಿ ಮೇಲಿನಿಂದ ತುಂಬುತ್ತಾರೆ, ಕೆಳಗಿನ ಇಂಧನ ಮೇಲಿನ ಅಷ್ಟೂ ಭಾರವನ್ನು ಹೊರುತ್ತಲೇ ಗಾಳಿಗೆ ದಾರಿ ಬಿಡಬೇಕು. ಕಲ್ಲಿದ್ದಲಿನಿಂದ ಮಾಡಿದ ಕೋಕ್ ಗಟ್ಟಿ, ಎತ್ತರದ ಕುಲುಮೆಯ ಭಾರವನ್ನು ತಡೆಯುತ್ತದೆ. ಇದ್ದಿಲು ಮೆದು, ಭಾರ ಹೆಚ್ಚಾದರೆ ಪುಡಿಯಾಗಿ ಗಾಳಿಯ ದಾರಿಯನ್ನು ಕಟ್ಟುತ್ತದೆ. ಆದ್ದರಿಂದ ಇದ್ದಿಲಿನ ಕುಲುಮೆಯನ್ನು ಒಂದು ಮಿತಿಗಿಂತ ದೊಡ್ಡದು ಮಾಡಲಾಗುವುದಿಲ್ಲ. ಇದ್ದಿಲಿನಲ್ಲಿ ಗಂಧಕ ತೀರ ಕಡಿಮೆ ಇರುವುದರಿಂದ ಭದ್ರಾವತಿಯ ಬೀಡು ಕಬ್ಬಿಣದ ಗುಣಮಟ್ಟ ಬಹಳ ಚೆನ್ನಾಗಿತ್ತು, ಆದರೆ ಪ್ರಮಾಣ ಸಣ್ಣದಾಗಿಯೇ ಉಳಿಯಿತು. ಸಣ್ಣ ಪ್ರಮಾಣದಲ್ಲಿ ಒಳ್ಳೆಯ ಸರಕನ್ನು ಮಾಡುವ ಊರು ಎಂಬ ಈ ಸ್ವಭಾವ ಕೊನೆಯವರೆಗೂ ಬದಲಾಗಲಿಲ್ಲ.

ಬದಲಾಯಿಸುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. 1930ರ ದಶಕದಲ್ಲಿ ಉಕ್ಕಿನ ತಯಾರಿಕೆ ಆರಂಭವಾಗಿ ಕಾರ್ಖಾನೆಯ ಹೆಸರು ಮೈಸೂರು ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ ಎಂದಾಯಿತು, ಸಿಮೆಂಟ್ ಘಟಕ ಸೇರಿತು, ಆಮೇಲೆ ಉಕ್ಕಿನ ತಯಾರಿಕೆಗೆ ಬೇಕಾದ ಮಿಶ್ರಲೋಹ ಫೆರೋಸಿಲಿಕಾನ್ ಬಂತು. ಜೋಗದ ವಿದ್ಯುತ್ ಸಿಕ್ಕಿದ ಮೇಲೆ, 1950ರ ದಶಕದಲ್ಲಿ, ನಾರ್ವೆಯ ವಿನ್ಯಾಸದ ವಿದ್ಯುತ್ ಕುಲುಮೆಗಳಲ್ಲಿ ಕಬ್ಬಿಣ ಕರಗಿಸತೊಡಗಿದರು. ಕಾಡಿನ ಮೇಲಿನ ಭಾರ ಇದರಿಂದ ಕಡಿಮೆಯಾಯಿತು, ಆದರೆ ವಿದ್ಯುತ್ ಅಗ್ಗವಾಗಿ ಸಿಗುವವರೆಗೆ ಮಾತ್ರ ಆ ದಾರಿ ಹಿಡಿಸುವಂಥದ್ದು. ನಾಡಿನ ನೀರಾವರಿ ಪಂಪುಗಳಿಗೆ, ಬೆಂಗಳೂರಿನ ಮನೆ ಮತ್ತು ಕಾರ್ಖಾನೆಗಳಿಗೆ ಕರೆಂಟ್ ಬೇಡಿಕೆ ಏರಿದ ಮೇಲೆ ಅಗ್ಗದ ವಿದ್ಯುತ್ತಿನ ಕಾಲವೂ ಮುಗಿಯಿತು. ಹೀಗೆ ಮೊದಲು ಅಗ್ಗದ ಮರ ಹೋಯಿತು, ಆಮೇಲೆ ಅಗ್ಗದ ವಿದ್ಯುತ್. ಕೊನೆಗೆ ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತು ಸ್ವಂತ ಅದಿರೂ ಇಲ್ಲದಾಯಿತು. ಆ ಬೆಟ್ಟ, ಆ ಶೋಲಾ ಕಾಡು ಉಳಿಯಬೇಕಾಗಿತ್ತು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅಂದಿನಿಂದ ಭದ್ರಾವತಿಗೆ ಬೇರೊಂದು ಗಣಿಯನ್ನು ಕೊಡಿಸಿ ಅದು ನಿಜವಾಗಿಯೂ ಕೆಲಸ ಮಾಡುವಂತೆ ನೋಡಿಕೊಳ್ಳುವುದು ಯಾರ ಹೊಣೆಯಾಗಿತ್ತೋ ಅವರು ಅದನ್ನು ಮಾಡಲಿಲ್ಲ.

ಮಾಲೀಕತ್ವ ಕೈಬದಲಾದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. 1962ರಲ್ಲಿ ಸರ್ಕಾರಿ ಇಲಾಖೆಯಂತಿದ್ದ ಕಾರ್ಖಾನೆ ಕಂಪನಿಯಾಯಿತು, 1970ರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರು ಪಡೆದು ವಿಶ್ವೇಶ್ವರಯ್ಯ ಐರನ್ ಅಂಡ್ ಸ್ಟೀಲ್ ಲಿಮಿಟೆಡ್ (ವಿಐಎಸ್‌ಎಲ್) ಆಯಿತು, 1989ರಲ್ಲಿ ಕೇಂದ್ರ ಸರ್ಕಾರದ ಭಾರತೀಯ ಉಕ್ಕು ಪ್ರಾಧಿಕಾರದ (ಸೇಲ್) ಅಂಗಸಂಸ್ಥೆಯಾಗಿ 1998ರಲ್ಲಿ ಅದರಲ್ಲೇ ವಿಲೀನವಾಯಿತು. ದೇಶದ ದೊಡ್ಡ ಉಕ್ಕು ಕಾರ್ಖಾನೆಗಳ ಪಟ್ಟಿಯಲ್ಲಿ ಭದ್ರಾವತಿ ಆಮೇಲೆ ಕೊನೆಯ ಸಾಲಿನ ಹೆಸರು. ಅತ್ತ ಬಳ್ಳಾರಿಯ ಅದಿರಿನ ನಡುವೆಯೇ ತೋರಣಗಲ್ಲಿನಲ್ಲಿ ಎದ್ದ ಖಾಸಗಿ ಕಾರ್ಖಾನೆ ವರ್ಷಕ್ಕೆ ಒಂದು ಕೋಟಿ ಟನ್‌ಗೂ ಹೆಚ್ಚು ಉಕ್ಕು ತಯಾರಿಸುವ ಸಾಮರ್ಥ್ಯಕ್ಕೆ ಬೆಳೆಯಿತು. ಭದ್ರಾವತಿ ಕಾರ್ಖಾನೆಯ ಷೇರು ವಿಕ್ರಯಕ್ಕೆ ಕೇಂದ್ರ ಸಂಪುಟ 2016ರಲ್ಲಿ ತಾತ್ವಿಕ ಒಪ್ಪಿಗೆ ನೀಡಿತು, ಕೊಳ್ಳುವವರು ಬರಲಿಲ್ಲ. 2023ರ ಜನವರಿಯಲ್ಲಿ, ಸರಿಯಾಗಿ ಶತಮಾನ ತುಂಬಿದ ತಿಂಗಳಲ್ಲಿ, ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ತಿಂಗಳುಗಟ್ಟಲೆ ಧರಣಿ ಕುಳಿತರು, ಅದೇ ವರ್ಷದ ಆಗಸ್ಟ್‌ನಲ್ಲಿ ಹೊರಗಿನಿಂದ ಬಂದ ಉಕ್ಕನ್ನು ಸರಳುಗಳಾಗಿಸುವ ಘಟಕ ಮತ್ತೆ ಚಾಲೂ ಆಯಿತು. ಪೂರ್ತಿ ಮುಚ್ಚಿಹೋಗಿದೆ ಎಂದು ತಿಳಿದಿರುವವರು ಈ ಸಂಗತಿಯನ್ನು ದಯವಿಟ್ಟು ಗಮನಿಸಬೇಕು.

ಕಾಗದ ಕಾರ್ಖಾನೆಯ ಕಥೆಯೂ ಕಾಡಿನದೇ. 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್ ಮಲೆನಾಡಿನ ಬಿದಿರನ್ನು ನಂಬಿತ್ತು. 1977ರಲ್ಲಿ ಸರ್ಕಾರಿ ಕಂಪನಿಯಾಗಿ, 1980ರ ದಶಕದಲ್ಲಿ ಪತ್ರಿಕಾ ಕಾಗದವನ್ನೂ ಸಕ್ಕರೆಯನ್ನೂ ತಯಾರಿಸತೊಡಗಿತು. ಬೆಂಗಳೂರಿನ ಓದುಗರು ಬೆಳಗ್ಗೆ ಬಿಡಿಸುತ್ತಿದ್ದ ಪತ್ರಿಕೆಗಳಲ್ಲಿ ಭದ್ರಾವತಿಯ ಕಾಗದವೂ ಇತ್ತು. ಬಿದಿರು ಸಾಲದಾದಾಗ ನೀಲಗಿರಿ ಮತ್ತು ಅಕೇಶಿಯಾ ನೆಡುತೋಪುಗಳು ಬಂದವು. ಆ ಏಕಜಾತಿಯ ತೋಪುಗಳಿಂದ ನೀರು, ಮೇವು, ಕಾಡುಪ್ರಾಣಿ ಎಲ್ಲಕ್ಕೂ ಕೇಡಾಯಿತು ಎಂದು ಮಲೆನಾಡಿನ ಜನ ಹೂಡಿದ ಚಳವಳಿ ಇನ್ನೂ ತಣಿದಿಲ್ಲ. ಭದ್ರಾ ನದಿಗೆ ಸೇರಿದ ಕಾರ್ಖಾನೆಯ ನೀರಿನ ಬಗ್ಗೆ ಕೆಳದಂಡೆಯ ಹಳ್ಳಿಗಳವರಿಗಿದ್ದ ದೂರೂ ನ್ಯಾಯವಾದದ್ದೇ. ನನ್ನ ಊರಿನ ಮೇಲಿನ ಪ್ರೀತಿ ಇವನ್ನು ಮರೆಮಾಚುವಂತೆ ಮಾಡಬಾರದು. ಆಮದು ಕಾಗದ ಸಲೀಸಾಗಿ ಬರತೊಡಗಿದ ಮೇಲೆ ಹಳೆಯ ಯಂತ್ರಗಳ ಈ ಕಾರ್ಖಾನೆ ತಡೆಯಲಾರದೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು.

ಇಷ್ಟು ಹೇಳಿದ ಮೇಲೆ ಕೇಳುವವರು ಊರಿನಲ್ಲಿ ಇನ್ನೇನು ಉಳಿದಿದೆ ಎನ್ನುತ್ತಾರೆ. ಕಾರ್ಖಾನೆಗಳು ಕಬ್ಬಿಣ, ಕಾಗದದ ಜೊತೆಗೆ ಒಂದು ಬಗೆಯ ಜನಜೀವನವನ್ನೂ ತಯಾರಿಸಿದವು. ತಮಿಳು, ತೆಲುಗು, ಮಲಯಾಳಂ, ಮರಾಠಿ, ಉರ್ದು ಮಾತನಾಡುವ ಕುಟುಂಬಗಳು ಕೆಲಸ ಹುಡುಕಿ ಬಂದು ನ್ಯೂ ಟೌನ್, ಜನ್ನಾಪುರ, ಹುತ್ತಾ ಕಾಲೋನಿ, ಪೇಪರ್ ಟೌನ್‌ಗಳಲ್ಲಿ ನೆಲೆಸಿದವು. ಕ್ವಾರ್ಟರ್ಸ್‌ನಲ್ಲಿ ಬೆಳೆದ ಮಕ್ಕಳಿಗೆ ಎರಡು ಮೂರು ಭಾಷೆಗಳು ಕಲಿಸದೆಯೇ ಬರುತ್ತಿದ್ದವು. ಗಡಿಯಾರಕ್ಕಿಂತ ಹೆಚ್ಚಾಗಿ ಕಾರ್ಖಾನೆಯ ಸೈರನ್ ಊರಿನ ಹೊತ್ತನ್ನು ನಡೆಸುತ್ತಿತ್ತು: ಮದುವೆಯ ಊಟದ ಪಂಕ್ತಿಯಿಂದ ಹಿಡಿದು ನಾಟಕದ ತಾಲೀಮಿನವರೆಗೆ ಎಲ್ಲವನ್ನೂ ಫಸ್ಟ್ ಶಿಫ್ಟ್, ಸೆಕೆಂಡ್ ಶಿಫ್ಟ್ ನೋಡಿಕೊಂಡೇ ಗೊತ್ತುಮಾಡುತ್ತಿದ್ದರು. ಶಿಫ್ಟ್ ಮುಗಿಸಿ ಬಂದು ಬಣ್ಣ ಹಚ್ಚುವ ಕಾರ್ಮಿಕರ ಹವ್ಯಾಸಿ ರಂಗಭೂಮಿ ಗಟ್ಟಿಯಾಗಿತ್ತು, ಇದೇ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ದೊಡ್ಡಣ್ಣನವರು ಅಲ್ಲಿಂದ ಸಿನಿಮಾಕ್ಕೆ ಬಂದವರು. ಕ್ರಿಕೆಟಿಗ ಗುಂಡಪ್ಪ ವಿಶ್ವನಾಥ್ 1949ರಲ್ಲಿ ಹುಟ್ಟಿದ ಊರೂ ಭದ್ರಾವತಿಯೇ. 1965ರಲ್ಲಿ ಆರಂಭವಾದ ಆಕಾಶವಾಣಿ ಕೇಂದ್ರದಿಂದಾಗಿ, ಊರನ್ನು ಎಂದೂ ನೋಡದ ಮಲೆನಾಡಿನ ಮೂಲೆಯ ಮನೆಗಳಲ್ಲೂ "ಆಕಾಶವಾಣಿ ಭದ್ರಾವತಿ" ಎಂಬ ಎರಡು ಪದಗಳು ಮನೆಮಾತಾದವು.

ಇವುಗಳಲ್ಲಿ ಬಹಳಷ್ಟು ಈಗಲೂ ಇವೆ. ಭದ್ರಾ ಕಾಲುವೆಯ ನೀರಿನಿಂದ ಸುತ್ತಲಿನ ಗದ್ದೆ ಮತ್ತು ಅಡಿಕೆ ತೋಟಗಳು ಹಸಿರಾಗಿವೆ, ಪೇಟೆ ನಡೆಯುತ್ತಿದೆ. ಕಡಿಮೆಯಾದದ್ದು ತಿಂಗಳ ಸಂಬಳ ತರುವ ಕಾಯಂ ಕೆಲಸ. ಐಟಿಐ ಅಥವಾ ಡಿಪ್ಲೊಮಾ ಮುಗಿಸಿದ ಹುಡುಗ ಹಿಂದೆ ಅಪ್ಪ ದುಡಿದ ಗೇಟಿನೊಳಗೆ ಹೋಗುತ್ತಿದ್ದ, ಈಗ ಅವನು ಬೆಂಗಳೂರಿನ ರೈಲು ಹತ್ತಿ ಪೀಣ್ಯಕ್ಕೋ ಬಿಡದಿಗೋ ಬರುತ್ತಾನೆ. ಭದ್ರಾವತಿಯ ಕಾರ್ಖಾನೆಯಲ್ಲಿ ಕೈಪಳಗಿದವರ ಮಕ್ಕಳು ಈ ನಗರದ ಯಂತ್ರಗಳ ಮುಂದೆ ಎಷ್ಟು ಜನರಿದ್ದಾರೆ ಎಂಬುದನ್ನು ಪೀಣ್ಯದ ಯಾವುದೇ ಬೀದಿಯಲ್ಲಿ ವಿಚಾರಿಸಿ ನೋಡಬಹುದು.

ಕಾರ್ಖಾನೆ ಮತ್ತೆ ಪೂರ್ತಿಯಾಗಿ ನಡೆಯುತ್ತದೆಯೇ ಎಂಬುದು ಕೊನೆಯಲ್ಲಿ ಬರುವ ಪ್ರಶ್ನೆ. ಪ್ರತಿ ಚುನಾವಣೆಯಲ್ಲೂ ಪುನಶ್ಚೇತನದ ಭರವಸೆ ಕೇಳಿಬರುತ್ತದೆ. ಅಂಥ ಯಾವುದೇ ಯೋಜನೆಯನ್ನು ಓದುವಾಗ ನಾನು ಮೊದಲು ಹುಡುಕುವುದು ಅದಿರು ಅಥವಾ ಗುಜರಿ ಉಕ್ಕು ಎಲ್ಲಿಂದ ಬರುತ್ತದೆ, ಕುಲುಮೆಗೆ ವಿದ್ಯುತ್ ಯಾವ ದರದಲ್ಲಿ ಸಿಗುತ್ತದೆ, ತಯಾರಾದ ಸರಕನ್ನು ಯಾರು ಕೊಳ್ಳುತ್ತಾರೆ ಎಂಬ ವಿವರಗಳನ್ನು. ತೋರಣಗಲ್ಲಿನ ಜೊತೆ ಟನ್ನಿನ ಲೆಕ್ಕದಲ್ಲಿ ಸ್ಪರ್ಧೆಗಿಳಿಯುವ ಯೋಜನೆಯಾದರೆ ಅದರಲ್ಲಿ ನನಗೆ ನಂಬಿಕೆಯಿಲ್ಲ. ರೈಲ್ವೆ, ರಕ್ಷಣೆ ಮತ್ತು ವಾಹನ ಉದ್ಯಮಕ್ಕೆ ಬೇಕಾದ ವಿಶೇಷ ಮಿಶ್ರಲೋಹದ ಉಕ್ಕನ್ನು ಸಣ್ಣ ಪ್ರಮಾಣದಲ್ಲಿ ತಯಾರಿಸುವ ಅನುಭವ ಭದ್ರಾವತಿಗೆ ಇದೆ, ಅದನ್ನು ಬಲ್ಲ ಹಿರಿಯ ಕೆಲಸಗಾರರು ಇನ್ನೂ ಊರಿನಲ್ಲಿದ್ದಾರೆ. ಅವರು ಕಲಿಸಬಲ್ಲ ಸ್ಥಿತಿಯಲ್ಲಿರುವಾಗಲೇ ಅವರ ಕೈಕೆಳಗೆ ಹೊಸಬರನ್ನು ಸೇರಿಸಿಕೊಳ್ಳಬೇಕು, ಏಕೆಂದರೆ ಕುಲುಮೆಯನ್ನು ದುಡ್ಡು ಕೊಟ್ಟು ಮತ್ತೆ ಕಟ್ಟಿಸಬಹುದಾದರೂ ಕರಗಿದ ಉಕ್ಕಿನ ಬಣ್ಣ ನೋಡಿ ಅದರ ಹದ ಹೇಳುವವರನ್ನು ತಯಾರು ಮಾಡಲು ಹಲವು ವರ್ಷಗಳು ಬೇಕು.