ಹುಳುಕು ಹಲ್ಲು ತೋರಿಸೋಕೆ ಹೋದರೆ ಗೊರಕೆ ಬಗ್ಗೆ ಕೇಳಿದರು

ಮಗನಿಗೆ ಆರು ವರ್ಷ. ದವಡೆ ಹಲ್ಲು ಹುಳುಕಾಗಿತ್ತು. ಕುವೆಂಪುನಗರದಲ್ಲಿ ಮನೆ ಹತ್ತಿರದ ಹಲ್ಲಿನ ಡಾಕ್ಟರ ಹತ್ತಿರ ಕರ್ಕೊಂಡು ಹೋದೆ. ಅವರು ಹುಳುಕು ನೋಡಿದ್ದು ಅರ್ಧ ನಿಮಿಷ. ಆಮೇಲೆ ನಾಲಿಗೆ ಒತ್ತಿ ಗಂಟಲು ನೋಡಿದರು, ಅಂಗುಳಕ್ಕೆ ಲೈಟು ಬಿಟ್ಟರು, ಸವೆದ ಹಲ್ಲುಗಳ ಮೇಲೆ ಬೆರಳಾಡಿಸಿದರು. ನನ್ನ ಕಡೆ ತಿರುಗಿ, "ರಾತ್ರಿ ಗೊರಕೆ ಹೊಡೀತಾನಾ?" ಅಂದರು.

"ಹ್ಞೂಂ, ಅವರ ತಾತನ ಥರಾನೇ," ಅಂತ ನಕ್ಕೆ. ಅವರು ನಗಲಿಲ್ಲ.

ಹಲ್ಲು ಕಡೀತಾನಾ? ಬಾಯಿ ತೆರೆದು ಮಲಗ್ತಾನಾ? ಹಾಸಿಗೆ ಒದ್ದೆ ಮಾಡ್ತಾನಾ? ಎಲ್ಲದಕ್ಕೂ ಹೌದು. ಹಲ್ಲು ಕಡಿಯೋದು ಹೊಟ್ಟೆಹುಳದಿಂದ ಅಂತ ಮಂಡ್ಯದ ಅತ್ತೆ ಹೇಳಿ, ಎರಡು ಸಲ ಹುಳದ ಮಾತ್ರೆ ಕೊಟ್ಟಿದ್ದೆವು. ಸ್ಕೂಲಿನಲ್ಲಿ ಒಂದು ಕಡೆ ಕೂರಲ್ಲ ಅನ್ನೋ ದೂರು ಬೇರೆ. ದೊಡ್ಡವರಿಗೆ ನಿದ್ದೆ ಕೆಟ್ಟರೆ ತೂಕಡಿಕೆ, ಮಕ್ಕಳು ಎಷ್ಟೋ ಸಲ ಉಲ್ಟಾ, ಚಡಪಡಿಸುತ್ತಾರೆ, ಕಿರಿಕಿರಿ ಮಾಡುತ್ತಾರೆ. ಗೊರಕೆ ಅಂದರೆ ಗಾಢ ನಿದ್ದೆ ಅಂದುಕೊಂಡಿದ್ದೆ ನೋಡಿ, ಎಂಥ ದಡ್ಡತನ.

ಮಲಗಿದಾಗ ಒಂದು ವೀಡಿಯೊ ಮಾಡಿ ತನ್ನಿ ಅಂದರು. ರಾತ್ರಿ ಎರಡು ಗಂಟೆಗೆ ಸೊಳ್ಳೆ ಪರದೆ ಒಳಗೆ ಕೂತು ಮೊಬೈಲ್ ಹಿಡಿದೆ. ಕುತ್ತಿಗೆ ಹಿಂದಕ್ಕೆ ಎತ್ತಿಕೊಂಡು ಮಲಗಿದ್ದ, ತಲೆದಿಂಬು ಬೆವರಲ್ಲಿ ನೆನೆದಿತ್ತು. ಗೊರಕೆ ಏರುತ್ತಾ ಹೋಗಿ ತಟ್ಟನೆ ನಿಂತಿತು. ಎದೆ ಏಳ್ತಾ ಇದೆ, ಇಳೀತಾ ಇದೆ, ಮೂಗಲ್ಲೂ ಬಾಯಲ್ಲೂ ಉಸಿರಿಲ್ಲ. ಎಂಟು, ಒಂಬತ್ತು ಎಣಿಸುವಷ್ಟರಲ್ಲಿ ಗಕ್ಕನೆ ಎಳೆದುಕೊಂಡು ಮಗ್ಗುಲು ಬದಲಿಸಿದ. ಇವರನ್ನು ಎಬ್ಬಿಸಿ, "ರೀ, ಇಲ್ನೋಡಿ" ಅಂದೆ. ಇಬ್ಬರಿಗೂ ಮತ್ತೆ ನಿದ್ದೆ ಬರಲಿಲ್ಲ.

ಈ ಡಾಕ್ಟರಲ್ಲಿ ನನಗೆ ಇಷ್ಟವಾದದ್ದು, ಇದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟೋ ತೊಂದರೆ, ಅಂತ ಅವರೇ ತೀರ್ಪು ಕೊಡಲಿಲ್ಲ. ಗುರುತು ಹಿಡಿಯೋದು ನನ್ನ ಕೆಲಸ, ಹೌದೋ ಅಲ್ವೋ ಹೇಳೋಕೆ ರಾತ್ರಿಯಿಡೀ ನಿದ್ದೆ ಪರೀಕ್ಷೆ ಆಗಬೇಕು ಅಂತ ಇಎನ್‌ಟಿ ಡಾಕ್ಟರಿಗೆ ಚೀಟಿ ಬರೆದರು. ಅಮೆರಿಕದ ದಂತವೈದ್ಯರ ಸಂಘ 2017ರಲ್ಲಿ ಹೇಳಿರೋದೂ ಹೆಚ್ಚುಕಡಿಮೆ ಇದನ್ನೇ. ನೂರಕ್ಕೆ ಒಂದರಿಂದ ಐದು ಮಕ್ಕಳಿಗೆ ಇದು ಇರುತ್ತದಂತೆ. ದೊಡ್ಡವರಲ್ಲಿ ಗಂಟೆಗೆ ಐದು ಸಲಕ್ಕಿಂತ ಕಡಿಮೆ ಉಸಿರು ಕಟ್ಟಿದರೆ ಸರಿ ಅನ್ನುತ್ತಾರೆ, ಮಕ್ಕಳಲ್ಲಿ ಒಂದು ದಾಟಿದರೇ ಜಾಸ್ತಿ. ಪರೀಕ್ಷೆ ಮಾಡಿಸಿದಾಗ ನಮ್ಮವನಿಗೆ ಏಳು ಬಂತು.

ಗಂಟಲಿನ ಟಾನ್ಸಿಲ್, ಮೂಗಿನ ಹಿಂಭಾಗದ ಅಡಿನಾಯ್ಡ್ ಗ್ರಂಥಿ ಎರಡೂ ಊದಿದ್ದವು. ಆಪರೇಷನ್ ಅಂದ ತಕ್ಷಣ ಇವರು ಕಾಯೋಣ ಅಂದರು. ಅದೂ ಪೂರ್ತಿ ತಪ್ಪಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 5ರಿಂದ 9 ವರ್ಷದ 464 ಮಕ್ಕಳಿದ್ದರು. ಏಳು ತಿಂಗಳಾದ ಮೇಲೆ ನೋಡಿದರೆ ಬೇಗ ಆಪರೇಷನ್ ಆದವರಲ್ಲಿ ನೂರಕ್ಕೆ 79 ಮಕ್ಕಳ ನಿದ್ದೆ ಪರೀಕ್ಷೆ ಸರಿಬಂದಿತ್ತು, ಕಾದು ನೋಡಿದವರಲ್ಲೂ 46. ಆದರೂ ಆ ವೀಡಿಯೊ ನೋಡಿದ ಮೇಲೆ ಕಾಯೋ ಧೈರ್ಯ ನನಗೆ ಬರಲಿಲ್ಲ. ಆಪರೇಷನ್ ಆಯಿತು, ಒಂದು ವಾರ ಬರೀ ಗಂಜಿ, ಐಸ್‌ಕ್ರೀಮು.

ಮತ್ತೆ ಹಲ್ಲಿನ ಡಾಕ್ಟರ ಹತ್ತಿರವೇ ಬಂದೆವು. ಅವನ ಅಂಗುಳ ಕಿರಿದು, ಗೋಪುರದ ಹಾಗೆ ಮೇಲಕ್ಕೆ ಹೋಗಿದೆ. ಅಂಗುಳದ ಮೇಲ್ಭಾಗವೇ ಮೂಗಿನ ನೆಲ, ಹಾಗಾಗಿ ಇದು ಕಿರಿದಾದರೆ ಅಲ್ಲೂ ಇಕ್ಕಟ್ಟು. ಚಿಕ್ಕ ಮಕ್ಕಳಲ್ಲಿ ಅಂಗುಳದ ಎರಡು ಭಾಗ ಇನ್ನೂ ಗಟ್ಟಿಯಾಗಿ ಬೆಸೆದಿರಲ್ಲ, ಅದಕ್ಕೇ ಮೆಲ್ಲಗೆ ಅಗಲ ಮಾಡಬಹುದು. ಹಲ್ಲಿಗೆ ಅಂಟಿಸಿದ ತಂತಿಯ ನಡುವೆ ಪುಟ್ಟ ಸ್ಕ್ರೂ, ಒಂದು ಸಲ ಕೀ ತಿರುಗಿಸಿದರೆ ಸುಮಾರು ಕಾಲು ಮಿಲಿಮೀಟರ್ ಅಗಲ. ಗೊರಕೆ ಹೊಡೆಯೋ ಮಕ್ಕಳಿಗೆಲ್ಲ ಇದು ಬೇಕಿಲ್ಲ, ಸುಮ್ನೆ ಹಾಕಿಸಬೇಡಿ. ನಮ್ಮವನಿಗೆ ಮೇಲಿನ ಹಲ್ಲು ಕೆಳಗಿನ ಹಲ್ಲಿನ ಒಳಗೆ ಕೂರುತ್ತಿತ್ತು, ಅದಕ್ಕೇ ಹಾಕಿದ್ದು. ದಿನಾ ರಾತ್ರಿ ಕೀ ತಿರುಗಿಸೋದು ನನ್ನ ಕೆಲಸವಾಯಿತು, ಕೀ ಮಸಾಲೆ ಡಬ್ಬಿ ಪಕ್ಕ ನೇತಾಡುತ್ತಿತ್ತು.

ಮೊನ್ನೆ ರಜಕ್ಕೆ ಮಂಡ್ಯಕ್ಕೆ ಹೋಗಿದ್ದ, ಅಜ್ಜಿ ಪಕ್ಕ ಮಲಗಿದ್ದ. ಬೆಳಿಗ್ಗೆ ಅತ್ತೆ ಫೋನ್ ಮಾಡಿ ಬೈದರು: "ಒಂದು ಸದ್ದಿಲ್ಲ ಕಣವ್ವ! ರಾತ್ರಿ ಮೂರು ಸಲ ಎದ್ದು ಮೂಗಿನ ಹತ್ರ ಬೆರಳಿಟ್ಟು ನೋಡ್ದೆ."